ಕರ್ತೃಪದವನ್ನು ಗುರುತಿಸಿ

ದಲಿತ ವಿಮರ್ಶೆಯ ಸಂಚಿಕೆಗೆ ಒಂದು ಲೇಖನ ಬರೆದುಕೊಡಿ ಎಂದು ಸಂಪಾದಕರು ಕೇಳಿದ ದಿನ ನನ್ನ ಮೇಜಿನ ಮೇಲೆ ಕವನ ಸಂಕಲನವಾಗಲಿ ಕಾದಂಬರಿಯಾಗಲಿ ಇರಲಿಲ್ಲ. ಹತ್ತನೇ ತರಗತಿಯ ಹುಡುಗರು ಬರೆದ ಹದಿನೆಂಟು ಉತ್ತರಪತ್ರಿಕೆಗಳಿದ್ದವು. ನಾನು ಪದವಿ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕ. ಎಂ.ಎ. ಮುಗಿಸಿ ನಾಲ್ಕು ವರ್ಷವಾಯಿತು. ವಾರಕ್ಕೆರಡು ಸಂಜೆ ಚಾಮರಾಜನಗರ ಸೀಮೆಯ ಒಂದು ಹಾಸ್ಟೆಲಿಗೆ ಹೋಗಿ ಅಲ್ಲಿನ ಹುಡುಗರಿಗೆ ಕನ್ನಡ ವ್ಯಾಕರಣ, ಅಪಠಿತ ಗದ್ಯ ಹೇಳಿಕೊಡುತ್ತೇನೆ. ಇದಕ್ಕೆ ಸಂಬಳವಿಲ್ಲ, ರಾತ್ರಿ ಮುದ್ದೆ ಸಾರು ಇದೆ. ಇಂಥದೇ ಹಾಸ್ಟೆಲಿನ ಮುದ್ದೆ ತಿಂದು ಓದಿದವನು ನಾನೂ.

ನಮ್ಮ ವಿಮರ್ಶೆ ಇಷ್ಟು ವರ್ಷಗಳಲ್ಲಿ ಕಾವ್ಯ, ಕತೆ, ಆತ್ಮಕತೆಗಳನ್ನು ಸಾಕಷ್ಟು ಓದಿದೆ. ಮಹಾಕಾವ್ಯಗಳೊಳಗೆ ಕೂತಿರುವ ಯಜಮಾನಿಕೆಯನ್ನು ಬಯಲಿಗೆಳೆದಿದೆ. ಆದರೆ ಕೇರಿಯ ಮಕ್ಕಳು ಉಸಿರು ಬಿಗಿಹಿಡಿದು ಓದುವ ಪಠ್ಯ ಮಹಾಕಾವ್ಯವಲ್ಲವಲ್ಲ! ಅವರ ಪಾಲಿಗೆ ಅದು ಪ್ರಶ್ನೆಪತ್ರಿಕೆ. 'ಗದ್ಯಭಾಗವನ್ನು ಓದಿಕೊಂಡು ಕೆಳಗಿನ ಪ್ರಶ್ನೆಗಳಿಗೆ ಉತ್ತರಿಸಿ', 'ತಪ್ಪನ್ನು ತಿದ್ದಿ ಬರೆಯಿರಿ', 'ಕರ್ತೃಪದವನ್ನು ಗುರುತಿಸಿ'. ಹತ್ತು ವರ್ಷ ಈ ಆಜ್ಞೆಗಳ ಅಡಿಯಲ್ಲಿ ಬೆಳೆದ ಹುಡುಗನೊಬ್ಬ ಮುಂದೆ ಸಾಹಿತ್ಯ ಓದುತ್ತಾನೆ, ನಮ್ಮ ವಿಚಾರ ಸಂಕಿರಣಕ್ಕೂ ಬಂದು ಕೂರುತ್ತಾನೆ. ಅವನಿಗೆ ಓದುವುದೆಂದರೇನು ಎಂಬುದನ್ನು ಅಷ್ಟರಲ್ಲಾಗಲೇ ಯಾರೋ ಕಲಿಸಿ ಮುಗಿಸಿರುತ್ತಾರೆ. ಹಾಗಾಗಿ ಪ್ರಶ್ನೆಪತ್ರಿಕೆಯನ್ನೇ ಒಂದು ಕೃತಿ ಎಂದು ಹಿಡಿದು ನೋಡುವ ಪ್ರಯತ್ನವಿದು.

ಮೊದಲು ಶುದ್ಧ ಅಶುದ್ಧದ ಮಾತು. ಹದಿನೆಂಟರಲ್ಲಿ ಹದಿಮೂರು ಪತ್ರಿಕೆಗಳಲ್ಲಿ ಹಕಾರ ತಪ್ಪಿತ್ತು. ಆಲು, ಎಣ್ಣು, ಓದನು. ಈ ಸೀಮೆಯಲ್ಲಿ ನಮ್ಮ ಮನೆಗಳಲ್ಲಿ ಹಕಾರ ನಾಲಿಗೆಗೆ ಬರುವುದು ಕಡಿಮೆ. ನಮ್ಮವ್ವ ನನ್ನನ್ನು 'ಎಂಗಿದ್ದಯ್ಯ ಮಗ' ಅಂತಲೇ ವಿಚಾರಿಸುವುದು. ಕೆಂಪು ಪೆನ್ನು ಹಿಡಿದು ಹದಿಮೂರು ಪತ್ರಿಕೆಗಳಿಗೂ ಗೆರೆ ಎಳೆದವನು ನಾನೇ. ಆಮೇಲೆ ಅದೇ ಸಂಜೆಯ ಇನ್ನೊಂದು ಪಾಠ ಹಳಗನ್ನಡ ಪದಗಳ ಹೊಸಗನ್ನಡ ರೂಪ. ಪಾಲ್ ಹಾಲು ಆಯಿತು, ಪೂ ಹೂವಾಯಿತು, ಪೆಸರ್ ಹೆಸರಾಯಿತು, ಹಳಗನ್ನಡದ ಪಕಾರ ಹೊಸಗನ್ನಡದಲ್ಲಿ ಹಕಾರ ಆಗುತ್ತದೆ ಎಂದು ಬೋರ್ಡಿನ ಮೇಲೆ ಬರೆದೆ. ಬರೆಯುತ್ತಿದ್ದ ಕೈ ಅಲ್ಲೇ ನಿಂತಿತು. ಹತ್ತನೇ ಶತಮಾನದ ಪಂಪನಿಗೆ ಪಾಲ್ ಆಗಿದ್ದದ್ದು ಆಮೇಲಿನವರ ಬಾಯಲ್ಲಿ ಹಾಲು ಆದರೆ ಅದಕ್ಕೆ ನಾವು ಕೊಡುವ ಹೆಸರು ಭಾಷೆಯ ಬೆಳವಣಿಗೆ. ಅದೇ ಹಾದಿಯಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ ಹಾಲು ಆಲು ಆದರೆ ಅದು ತಪ್ಪು, ಗ್ರಾಮ್ಯ, ಕೆಂಪು ಗೆರೆ! ಮೊದಲ ಬದಲಾವಣೆಗೆ ಪಾಠ ಇದೆ, ಎರಡನೆಯದಕ್ಕೆ ಶಿಕ್ಷೆ. ತುಟಿ ಸೇರಿಸಿ ಆಡುವ ಅಕ್ಷರ ಸಡಿಲಗೊಂಡು ಉಸಿರಾಯಿತು, ಉಸಿರೂ ಸಡಿಲಗೊಂಡು ಇಲ್ಲವಾಯಿತು. ಬಾಯಿಯ ಕೆಲಸದ ದೃಷ್ಟಿಯಿಂದ ಎರಡೂ ಒಂದೇ ಬಗೆಯವು. ಬೇರೆಯಾಗಿರುವುದು ಯಾರ ಬಾಯಿ ಎಂಬುದು ಮಾತ್ರ.

ಇನ್ನೊಂದು ತಪ್ಪಿನ ಬಗ್ಗೆ ಹೇಳಬೇಕು. ಒಬ್ಬ ಹುಡುಗ 'ಅವ್ವ ಮೊರದಲ್ಲಿ ಹಕ್ಕಿ ಕೇರುತ್ತಿದ್ದಳು' ಎಂದು ಬರೆದಿದ್ದ. ಸ್ಟಾಫ್ ರೂಮುಗಳಲ್ಲಿ ಇಂಥವು ಜೋಕಾಗಿ ಓಡಾಡುತ್ತವೆ. ನಾನೂ ನಕ್ಕಿದ್ದೇನೆ, ಸುಳ್ಳು ಹೇಳಲಾರೆ. ಆದರೆ ಈ ತಪ್ಪು ಬಂದದ್ದೆಲ್ಲಿಂದ? ಅವನ ಮನೆಯಲ್ಲಿ ಯಾರೂ ಅಕ್ಕಿಗೆ ಹಕ್ಕಿ ಅನ್ನುವುದಿಲ್ಲ. ಹಕಾರ ಬಿಟ್ಟೆ ಎಂದು ಬೈಸಿಕೊಂಡು ಬೈಸಿಕೊಂಡು, ಎಲ್ಲಿ ಇಲ್ಲವೋ ಅಲ್ಲೂ ಹಾಕಿಬಿಡೋಣ ಎಂಬ ಭಯ ಅವನಿಗೆ ಬಂದಿದೆ. ಆಲು ಮನೆಯಿಂದ ಬಂದದ್ದು, ಈ ಹಕ್ಕಿ ಶಾಲೆಯಿಂದ ಬಂದದ್ದು. ಭಯದಲ್ಲಿ ಹುಟ್ಟಿದ ಈ ಹಕಾರವನ್ನು ಯಾವ ಸೂತ್ರದಲ್ಲಿ ಸೇರಿಸುವುದೋ ನನಗೆ ತಿಳಿಯದು.

ಶುದ್ಧ ಕನ್ನಡ ಎಂಬುದರ ಅಳತೆಗೋಲು ಎಲ್ಲಿಂದ ಬಂತು ಎಂದು ಹುಡುಕಹೊರಟರೆ ಹದಿಮೂರನೇ ಶತಮಾನದ ಕೇಶಿರಾಜ ಸಿಗುತ್ತಾನೆ. ಶಬ್ದಮಣಿದರ್ಪಣ ದೊಡ್ಡ ಕೃತಿ, ಅದರಲ್ಲಿ ಎರಡು ಮಾತಿಲ್ಲ. ತಾನು ಯಾವ ಕವಿಗಳ ಪ್ರಯೋಗವನ್ನು ಲಕ್ಷ್ಯವಾಗಿ ಇಟ್ಟುಕೊಂಡೆ ಎಂದು ಅವನೇ ಹೆಸರಿಸುತ್ತಾನೆ: ಅಸಗ, ಗುಣವರ್ಮ, ಪೊನ್ನ, ಪಂಪ, ಹೀಗೆ. ಅವನಿಗಿಂತ ನೂರು ವರ್ಷ ಮುಂಚೆ ಕಲ್ಯಾಣದ ಬೀದಿಯಲ್ಲಿ ಜನ ಜಾತಿ ಬಿಟ್ಟು ಮಾತಾಡಿದ್ದರಲ್ಲ, ಆ ವಚನಕಾರರು ಒಬ್ಬರೂ ಆ ಪಟ್ಟಿಯಲ್ಲಿಲ್ಲ. ಕೇಶಿರಾಜನನ್ನು ಬೈಯುವುದು ಸುಲಭ; ಅವನು ತನ್ನ ಕಾಲದ ಕೆಲಸ ಮಾಡಿದ. ಏಳು ನೂರು ವರ್ಷ ಕಳೆದರೂ ಅದೇ ಅಚ್ಚಿನಲ್ಲಿ ಪ್ರಶ್ನೆ ತೆಗೆಯುವ ನಮ್ಮನ್ನು ಏನನ್ನಬೇಕು? ರಾಜ್ಯೋತ್ಸವದ ದಿನ ಮೈಕಿನ ಮುಂದೆ, ಓದದೆಯೂ ಕಾವ್ಯಪ್ರಯೋಗ ಬಲ್ಲ ಜನ ನಮ್ಮವರು ಎಂದು ಕವಿರಾಜಮಾರ್ಗವನ್ನು ನೆನೆದು ಎದೆಯುಬ್ಬಿಸುತ್ತೇವೆ. ಮಾರನೆಯ ದಿನ ತರಗತಿಗೆ ಹೋಗಿ ಆ ಜನರ ಮಕ್ಕಳ ಬಾಯಿಗೆ ಗೆರೆ ಎಳೆಯುತ್ತೇವೆ.

ಡಿ.ಎನ್. ಶಂಕರ ಭಟ್ಟರು 2000ದಲ್ಲಿ 'ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ' ಎಂದು ಪುಸ್ತಕ ಬರೆದಾಗ ದೊಡ್ಡ ಚರ್ಚೆಯಾಯಿತು. ಸಂಸ್ಕೃತದ ಅಂಗಿ ಕನ್ನಡಕ್ಕೆ ಹೊಂದುವುದಿಲ್ಲ ಎಂಬ ಅವರ ವಾದ ನನಗೂ ಒಪ್ಪಿಗೆ. ಹೆಚ್ಚಿನ ಕನ್ನಡಿಗರ ಉಚ್ಚಾರಣೆಯಲ್ಲೇ ಇಲ್ಲದ ಮಹಾಪ್ರಾಣಗಳನ್ನು ಮಕ್ಕಳ ತಲೆ ಮೇಲೆ ಹೊರಿಸುವುದು ಏಕೆ ಎಂಬುದು ನ್ಯಾಯವಾದ ಪ್ರಶ್ನೆ. ಆದರೆ ನನ್ನ ಹುಡುಗರ ಹಕಾರದ ಪ್ರಶ್ನೆ ಸಂಸ್ಕೃತದ್ದಲ್ಲ. ಹಾಲು ಅಚ್ಚಕನ್ನಡವೇ, ಆಲು ಕೂಡ ಅಚ್ಚಕನ್ನಡವೇ. ಇಲ್ಲಿ ಜಗಳ ಊರಿಗೂ ಕೇರಿಗೂ ನಡುವಿನದು. ಅಕ್ಷರಮಾಲೆಯಿಂದ ನಾಲ್ಕು ಅಕ್ಷರ ತೆಗೆದ ಮಾತ್ರಕ್ಕೆ ಅದು ತೀರುವುದಿಲ್ಲ.

ಗಾದೆ ವಿಸ್ತರಣೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. 'ಹಾಸಿಗೆ ಇದ್ದಷ್ಟು ಕಾಲು ಚಾಚು', 'ಮಾತು ಬೆಳ್ಳಿ ಮೌನ ಬಂಗಾರ'. ಯಾರಿಗೆ ಹಾಸಿಗೆ ಇತ್ತು, ಯಾರ ಮೌನ ಯಾರಿಗೆ ಬಂಗಾರವಾಯಿತು ಎಂದು ಕೇಳದೆ ಎಂಟು ಸಾಲು ವಿಸ್ತರಿಸಬೇಕು. ವಿಸ್ತರಣೆ ಎಂದರೆ ಒಪ್ಪಿಗೆ. ಗಾದೆಯನ್ನು ಒಪ್ಪದೆ ವಿಸ್ತರಿಸಿದ ಹುಡುಗನನ್ನು ನಾನು ಇನ್ನೂ ಕಂಡಿಲ್ಲ.

ಇನ್ನು ವಚನದ ವಿಚಾರ. ಬಸವಣ್ಣನ ವಚನವಲ್ಲ, ಏಕವಚನ ಬಹುವಚನ. ಗೌರವಾರ್ಥದಲ್ಲಿ ಒಬ್ಬರಿಗೂ ಬಹುವಚನ ಬರುತ್ತದೆ ಎಂದು ಪಾಠ ಮಾಡಿ ಅಭ್ಯಾಸಕ್ಕೆ ನಾಲ್ಕು ವಾಕ್ಯ ಬರೆದೆ. 'ಗುರುಗಳು ಬಂದರು', 'ರಾಯರು ಪತ್ರ ಓದಿದರು', 'ಆಳು ನೀರು ತಂದನು', 'ಚಮ್ಮಾರನು ಚಪ್ಪಲಿ ಹೊಲಿದನು'. ಯಾವುದು ಗೌರವ ಬಹುವಚನ, ಗುರುತಿಸಿ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, 'ಸಾ, ನಮ್ಮಪ್ಪನೂ ಚಪ್ಲಿ ಒಲೀತರೆ. ಚಮ್ಮಾರರು ಒಲಿದರು ಅಂತ ಬರುದ್ರೆ ತಪ್ಪಾ ಸಾ?' ಅಂದ. ಅವನ ದನಿಯಲ್ಲಿ ವ್ಯಂಗ್ಯ ಇರಲಿಲ್ಲ, ನಿಜವಾಗಿಯೂ ಗೊತ್ತಿಲ್ಲದೆ ಕೇಳಿದ. ವ್ಯಾಕರಣದ ಪ್ರಕಾರ ತಪ್ಪಲ್ಲ ಎಂದೆ. ತಪ್ಪಲ್ಲದಿದ್ದರೆ ನೀವ್ಯಾಕೆ ಹಾಗೆ ಬರೆಯಲಿಲ್ಲ ಎಂದು ಅವನು ಕೇಳಲಿಲ್ಲ. ಕೇಳಿದ್ದರೆ ನನ್ನ ಬಳಿ ಉತ್ತರವಿರಲಿಲ್ಲ, ಯಾಕೆಂದರೆ ಆ ವಾಕ್ಯ ಯಾವ ಗೈಡಿನದೂ ಅಲ್ಲ, ಯಾವ ಮೇಲ್ಜಾತಿ ಮೇಷ್ಟ್ರದೂ ಅಲ್ಲ. ಕೇರಿಯಲ್ಲಿ ಹುಟ್ಟಿ, ದಲಿತ ಸಾಹಿತ್ಯದ ಮೇಲೆ ಪ್ರಬಂಧ ಬರೆದು ಎಂ.ಎ. ಪಾಸಾದ ನನ್ನ ಕೈಯಿಂದಲೇ ಸರಾಗವಾಗಿ ಬಂದದ್ದು. ಎಪ್ಪತ್ತು ವರ್ಷದ ನಮ್ಮ ತಾತನನ್ನು ಊರಿನ ಎಂಟು ವರ್ಷದ ಹುಡುಗರು 'ಏನ್ಲಾ' ಅಂದದ್ದು ಕೇಳಿ ಬೆಳೆದ ಕಿವಿ ಇದು. ಆ ಏಕವಚನ ಕಿವಿಯಿಂದ ಇಳಿದು ಬಂದು ಸೀಮೆಸುಣ್ಣದಲ್ಲಿ ಕೂತಿತ್ತು.

ನನಗೆ ಅತ್ಯಂತ ಮುಖ್ಯವೆನಿಸುವುದು ಕರ್ತರಿ ಕರ್ಮಣಿ ಪ್ರಯೋಗ. 'ರಾಮನು ರಾವಣನನ್ನು ಕೊಂದನು' ಎಂಬುದನ್ನು ಕರ್ಮಣಿಗೆ ತಿರುಗಿಸಿದರೆ 'ರಾಮನಿಂದ ರಾವಣನು ಕೊಲ್ಲಲ್ಪಟ್ಟನು'. ಕರ್ತೃಪದಕ್ಕೆ 'ಇಂದ' ಹಚ್ಚು, ಧಾತುವಿಗೆ 'ಅಲ್ಪಡು' ಸೇರಿಸು, ಮುಗಿಯಿತು. ಮೇಷ್ಟರುಗಳು ಇಲ್ಲಿಗೆ ನಿಲ್ಲಿಸುತ್ತಾರೆ. ಆದರೆ ಕರ್ಮಣಿಯ ನಿಜವಾದ ಶಕ್ತಿ ಇರುವುದು ಮುಂದಿನ ಹೆಜ್ಜೆಯಲ್ಲಿ. 'ರಾವಣನು ಕೊಲ್ಲಲ್ಪಟ್ಟನು' ಎಂದಷ್ಟೇ ಹೇಳಿ 'ರಾಮನಿಂದ' ಎಂಬುದನ್ನು ಕೈಬಿಡಬಹುದು. ವಾಕ್ಯ ಆಗಲೂ ಪೂರ್ಣ, ವ್ಯಾಕರಣಶುದ್ಧ. ರಾವಣನ ಕತೆಯಲ್ಲಿ ಇದರಿಂದ ನಷ್ಟವಿಲ್ಲ, ಕೊಂದವನ ಹೆಸರು ಎಲ್ಲರಿಗೂ ಗೊತ್ತು, ಅವನಿಗೆ ಗುಡಿಯೂ ಇದೆ. ನಮ್ಮ ಕತೆಗಳಲ್ಲಿ ಹಾಗಲ್ಲ.

ಹುಡುಗರಿಗೆ ಒಂದು ವಾರ ಪತ್ರಿಕೆಗಳ ತಲೆಬರಹಗಳನ್ನು ಕತ್ತರಿಸಿ ತರಲು ಹೇಳಿದೆ. 'ದಲಿತರಿಗೆ ದೇಗುಲ ಪ್ರವೇಶ ನಿರಾಕರಣೆ', 'ದಲಿತ ಕುಟುಂಬಕ್ಕೆ ಬಹಿಷ್ಕಾರ', 'ದಲಿತ ಯುವಕನ ಮೇಲೆ ಹಲ್ಲೆ'. ಕರ್ತೃಪದವನ್ನು ಗುರುತಿಸಿ ಎಂದೆ. ಹುಡುಕಿದರು ಹುಡುಕಿದರು, ಸಿಗಲಿಲ್ಲ. 'ಇಲ್ಲ ಸಾ, ಬರೀ ನಾಮ್‌ಪದ ಅವೆ' ಅಂದರು. ನಿಜವೇ. ಇಲ್ಲಿ ಕರ್ಮಣಿಯ ಕಷ್ಟ ಕೂಡ ತೆಗೆದುಕೊಂಡಿಲ್ಲ. ನಿರಾಕರಿಸು ಎಂಬ ಕ್ರಿಯೆ ನಿರಾಕರಣೆ ಎಂಬ ನಾಮಪದವಾಗಿ, ಮಳೆ ಬಂದ ಹಾಗೆ ಬಿಸಿಲು ಬಿದ್ದ ಹಾಗೆ ತಾನಾಗಿ ಬಂದು ನಿಂತಿದೆ. ಸುದ್ದಿಯ ಒಳಗೆ ಹೋದರೆ 'ಘಟನೆ ನಡೆದಿದೆ', 'ಬಿಗುವಿನ ವಾತಾವರಣ ಉಂಟಾಗಿದೆ'. ನಡೆ, ಉಂಟಾಗು, ಇವೆಲ್ಲ ಅಕರ್ಮಕ ಧಾತುಗಳು. ಯಾರೂ ಏನನ್ನೂ ಮಾಡಿಲ್ಲ, ಎಲ್ಲವೂ ನಡೆದಿದೆ. ಕೇರಿಯ ಹೆಸರು ಮಾತ್ರ ಚತುರ್ಥಿಯಲ್ಲೋ ಸಪ್ತಮಿಯಲ್ಲೋ ಖಚಿತವಾಗಿ ಇದೆ: ದಲಿತರಿಗೆ, ದಲಿತನ ಮೇಲೆ.

2000ದ ಮಾರ್ಚ್ 11ರಂದು ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಮನೆಯೊಳಗೆ ಜೀವಂತ ಸುಡಲಾಯಿತು. ಆಗ ಅದು ಕೋಲಾರ ಜಿಲ್ಲೆ, ಈಗ ಚಿಕ್ಕಬಳ್ಳಾಪುರ. 2006ರಲ್ಲಿ ಕೆಳಗಿನ ನ್ಯಾಯಾಲಯ ಆರೋಪಿಗಳನ್ನೆಲ್ಲ ಬಿಡುಗಡೆ ಮಾಡಿತು. 2014ರಲ್ಲಿ ಹೈಕೋರ್ಟು ಆ ತೀರ್ಪನ್ನು ಎತ್ತಿಹಿಡಿಯಿತು. ಈ ಪ್ಯಾರಾದ ಮೊದಲ ವಾಕ್ಯವನ್ನು ಮತ್ತೆ ಓದಿ ನೋಡಿ. 'ಸುಡಲಾಯಿತು' ಎಂದು ಬರೆದಿದ್ದೇನೆ. ಕರ್ತೃಪದ ಇಲ್ಲ. ಇದನ್ನು ಕರ್ತರಿ ಪ್ರಯೋಗಕ್ಕೆ ತಿರುಗಿಸಿ ಎಂದು ಹತ್ತನೇ ತರಗತಿಯ ಹುಡುಗನಿಗೆ ಕೊಟ್ಟರೆ ಅವನು ಕರ್ತೃವಿನ ಜಾಗದಲ್ಲಿ ಯಾರನ್ನು ಬರೆಯಬೇಕು? ಎರಡು ನ್ಯಾಯಾಲಯಗಳು ಆ ಜಾಗವನ್ನು ಖಾಲಿ ಬಿಟ್ಟಿವೆ. ಏಳು ಕರ್ಮಪದಗಳಿವೆ, ಕ್ರಿಯಾಪದ ಇದೆ, ಬೆಂಕಿ ಇದೆ. ವ್ಯಾಕರಣದ ಅಭ್ಯಾಸವೊಂದು ಇಷ್ಟು ಭಾರವಾಗಬಹುದು ಎಂದು ನನಗೆ ಎಂ.ಎ. ತರಗತಿಯಲ್ಲಿ ಯಾರೂ ಹೇಳಿರಲಿಲ್ಲ.

ನಮ್ಮ ಹೆಸರನ್ನೇ ತೆಗೆದುಕೊಳ್ಳಿ. ದಲಿತ ಎಂದರೇನು ಎಂದು ಕೇಳಿದರೆ ನಾವೆಲ್ಲ ಒಂದೇ ಉಸಿರಿಗೆ ಹೇಳುವುದು 'ತುಳಿತಕ್ಕೊಳಗಾದವರು'. ತುಳಿತ ಎಂಬುದೊಂದು ಹಳ್ಳವೋ ಎಂಬಂತೆ ನಾವು ಅದರ ಒಳಗಾಗಿದ್ದೇವೆ. ತುಳಿದ ಕಾಲು ಎಲ್ಲಿ? ಪದದಲ್ಲಿ ಇಲ್ಲ. ಪದವನ್ನು ಬಿಡಬೇಕು ಎಂದು ನಾನು ಹೇಳುತ್ತಿಲ್ಲ, ಅದು ರಕ್ತ ಕೊಟ್ಟು ಗಳಿಸಿದ ಪದ. ಆದರೆ ಆ ಪದ ಎಲ್ಲಿ ಬಂದರೂ ಅದರ ಬೆನ್ನಿಗೇ 'ಯಾರಿಂದ?' ಎಂಬ ಪ್ರಶ್ನೆ ಬರಬೇಕು. ಸಿದ್ದಲಿಂಗಯ್ಯನವರ 'ಹೊಲೆಮಾದಿಗರ ಹಾಡು' 1975ರಲ್ಲಿ ಬಂದಾಗ ಅದನ್ನು ಬರೀ ಘೋಷಣೆ ಎಂದವರಿದ್ದರು. ಆ ಪದ್ಯಗಳನ್ನು ಒಮ್ಮೆ ವ್ಯಾಕರಣದ ಕಣ್ಣಿನಿಂದ ನೋಡಬೇಕು. ಅವುಗಳ ಬಲವೆಲ್ಲ ವಿಧ್ಯರ್ಥಕ ಕ್ರಿಯಾಪದಗಳಲ್ಲಿದೆ, ಎದುರಿಗಿರುವವನನ್ನು ನೋಡಿ ಆಡಿದ ಮಾತಿನಲ್ಲಿದೆ. ಕರ್ಮಪದವಾಗಿ ಕೂತಿದ್ದವನು ಎದ್ದು ಕರ್ತೃಪದವಾದಾಗ ಪದ್ಯ ಗದ್ದಲ ಮಾಡಲೇಬೇಕಾಗುತ್ತದೆ. ನಮ್ಮ ಛಂದಸ್ಸಿನ ಪಂಡಿತರು ಮಾತ್ರೆ ಎಣಿಸಿದರು, ಕ್ರಿಯಾಪದ ನೋಡಲಿಲ್ಲ.

ಈಗ ಗದ್ಯಭಾಗಕ್ಕೆ ಬರುತ್ತೇನೆ. ಅಪಠಿತ ಗದ್ಯದ ಒಂದೇ ನಿಯಮ: ಉತ್ತರ ಗದ್ಯದೊಳಗೇ ಇದೆ. ನಾನೂ ಹುಡುಗರಿಗೆ ಇದನ್ನೇ ಹೇಳಿಕೊಡುತ್ತೇನೆ. 'ಮೊದಲು ಪ್ರಶ್ನೆ ನೋಡ್ರಪ್ಪ, ಆಮೇಲೆ ಗದ್ಯದಲ್ಲಿ ಆ ಪದ ಎಲ್ಲಿದೆ ಹುಡುಕಿ, ಆ ಸಾಲನ್ನು ಎತ್ತಿ ಬರೀರಿ. ನಿಮ್ಮ ಸ್ವಂತದ್ದು ಏನೂ ಸೇರಿಸಬೇಡಿ.' ಅಂಕ ಬರುತ್ತದೆ. ಆದರೆ 'ನಿಮ್ಮ ಸ್ವಂತದ್ದು ಏನೂ ಸೇರಿಸಬೇಡಿ' ಎನ್ನುವಾಗ ನಾನು ಏನನ್ನು ಹೊರಗಿಡುತ್ತಿದ್ದೇನೆ? ಕೆರೆಯ ಬಗ್ಗೆ ಒಂದು ಗದ್ಯ ಕೊಟ್ಟೆವು ಎನ್ನಿ. ಕೆರೆಯಿಂದ ಊರಿನವರಿಗೆಲ್ಲ ನೀರು ಸಿಗುತ್ತದೆ ಎಂದು ಅದರಲ್ಲಿದೆ. 'ಕೆರೆಯ ನೀರು ಯಾರಿಗೆ ಸಿಗುತ್ತದೆ?' ಊರಿನವರಿಗೆಲ್ಲ. ಈ ಉತ್ತರ ಬರೆಯುವ ಹುಡುಗನಿಗೆ, ತನ್ನ ಅಜ್ಜಿ ಅದೇ ಕೆರೆಯ ಯಾವ ಕಡೆ ನಿಂತು ಯಾರಾದರೂ ಬಂದು ಕೊಡಕ್ಕೆ ನೀರು ಹೊಯ್ಯಲಿ ಎಂದು ಕಾಯುತ್ತಿದ್ದಳು ಎಂಬುದು ಗೊತ್ತು. ಗೊತ್ತಿದ್ದೂ ಬಿಡಬೇಕು. ಹೀಗೆ ಹತ್ತು ವರ್ಷ ಬಿಟ್ಟು ಬಿಟ್ಟು, ಓದುವುದೆಂದರೆ ಗೊತ್ತಿರುವುದನ್ನು ಬದಿಗಿಡುವುದು ಎಂದು ಕಲಿಯುತ್ತಾನೆ. ಆಮೇಲೆ ನಾವು ವಿಮರ್ಶಕರು ಬಂದು, ಯಾಕಪ್ಪ ನಿಮ್ಮ ಪ್ರತಿಕ್ರಿಯೆಯಲ್ಲಿ ನಿಮ್ಮ ಅನುಭವವೇ ಇಲ್ಲ ಅನ್ನುತ್ತೇವೆ.

ಬಾಮಾ ಅವರ 'ಕರುಕ್ಕು' (1992) ತಮಿಳಿನ ಪುಸ್ತಕ. ಅದರ ಒಂದು ಭಾಗ ಇಂಗ್ಲಿಷಿನಲ್ಲಿ ಎನ್‌ಸಿಇಆರ್‌ಟಿಯ ಹನ್ನೆರಡನೇ ತರಗತಿಯ ಪಠ್ಯಕ್ಕೂ ಸೇರಿತು. ಮೂರನೇ ತರಗತಿಯ ಹುಡುಗಿ ಶಾಲೆಯಿಂದ ಮನೆಗೆ ಬರುವಾಗ ತಮ್ಮ ಬೀದಿಯ ಹಿರಿಯರೊಬ್ಬರನ್ನು ನೋಡುತ್ತಾಳೆ. ಎಣ್ಣೆ ಹತ್ತಿದ ತಿಂಡಿ ಪೊಟ್ಟಣವೊಂದನ್ನು ಮುಟ್ಟದೆ, ದಾರ ಮಾತ್ರ ಹಿಡಿದು, ತೂಗಿಸಿಕೊಂಡು ಬಂದು ಜಮೀನ್ದಾರನ ಮುಂದೆ ಬಗ್ಗಿ ಕೊಡುತ್ತಾರೆ. ಹುಡುಗಿಗೆ ಅದು ತಮಾಷೆ. ಅಷ್ಟು ದೊಡ್ಡ ಮನುಷ್ಯ ಹಾಗೆ ನಡೆಯುವುದನ್ನು ನೆನೆನೆನೆದು ನಗುತ್ತಾಳೆ. ಮನೆಗೆ ಬಂದು ಅಣ್ಣನಿಗೆ ಹೇಳಿದರೆ ಅವನು ನಗುವುದಿಲ್ಲ. ಮುಟ್ಟಿದರೆ ಮೈಲಿಗೆ, ಅದಕ್ಕೇ ದಾರ ಎಂದು ವಿವರಿಸುತ್ತಾನೆ. ಈ ಭಾಗ ಜಾತಿಯ ಕ್ರೌರ್ಯದ ಬಗ್ಗೆ ಇದೆ ಎಂದು ಎಲ್ಲರೂ ಹೇಳುತ್ತಾರೆ. ನನಗೆ ಅದು ಓದಿನ ಬಗ್ಗೆಯೂ ಇದೆ ಎನ್ನಿಸುತ್ತದೆ. ಹುಡುಗಿ ಕಣ್ಣೆದುರಿನ ಗದ್ಯಭಾಗವನ್ನು ಚೆನ್ನಾಗಿ ನೋಡಿದ್ದಾಳೆ, ಒಂದು ವಿವರವನ್ನೂ ಬಿಟ್ಟಿಲ್ಲ. ಆದರೂ ಅರ್ಥ ಸಿಕ್ಕಿಲ್ಲ. ಯಾಕೆಂದರೆ ಅರ್ಥ ಆ ಬೀದಿಯ ದೃಶ್ಯದೊಳಗೆ ಇರಲಿಲ್ಲ, ಅಣ್ಣನ ಬಳಿ ಇತ್ತು. ಅವನು ಹೊರಗಿನಿಂದ ತಂದು ಕೊಟ್ಟ. ಇಂಥ ಬರಹವನ್ನೂ ಪಾಠ ಮಾಡಿ, 'ಲೇಖಕಿ ನಕ್ಕಿದ್ದೇಕೆ?' ಎಂದು ಕೇಳಿ, ಪುಟದಿಂದ ಎರಡು ಸಾಲು ಎತ್ತಿ ಬರೆಸಿಬಿಡಬಹುದು. ಹಾಗೆ ಮಾಡಿದರೆ ಅಣ್ಣನನ್ನು ಮನೆಯಿಂದ ಹೊರಗೆ ಹಾಕಿದಂತೆ.

ಇಲ್ಲಿ ನನ್ನ ಜೊತೆ ಜಗಳಕ್ಕೆ ನಿಲ್ಲುವ ಗೆಳೆಯರಿದ್ದಾರೆ. ಸಂಘಟನೆಯಲ್ಲಿ ಕೆಲಸ ಮಾಡುವ ಒಬ್ಬರು ಹೇಳಿದ್ದು: 'ಮೇಷ್ಟ್ರೇ, ನಿಮ್ಮ ವಿಮರ್ಶೆ ಆಮೇಲೆ ಇಟ್ಕಳಿ. ಮೊದ್ಲು ಹುಡುಗ್ರು ಪಾಸಾಗ್ಲಿ.' ಈ ಮಾತನ್ನು ನಾನು ಹಗುರವಾಗಿ ತಳ್ಳಿಹಾಕಲಾರೆ. ಅಂಬೇಡ್ಕರ್ ಅವರು ಬೊಂಬಾಯಿಯಲ್ಲಿ ಶಾಲೆಗೆ ಹೋಗುವಾಗ ಸಂಸ್ಕೃತ ಕಲಿಯಬಯಸಿದರು. ಅಸ್ಪೃಶ್ಯನಿಗೆ ಅದನ್ನು ಕಲಿಸಲು ಒಪ್ಪದ್ದರಿಂದ ಪರ್ಷಿಯನ್ ತೆಗೆದುಕೊಳ್ಳಬೇಕಾಯಿತು. ಅವರಿಗೆ ತಪ್ಪಿಸಿದ್ದು ವ್ಯಾಕರಣವನ್ನೇ. ವ್ಯಾಕರಣ ಬೇಡ, ನಮ್ಮ ಆಡುಮಾತೇ ಸಾಕು ಎಂದು ಹೇಳುವುದು ಬಾಗಿಲು ಮುಚ್ಚಿದವರಿಗೆ ಅನುಕೂಲ ಮಾಡಿಕೊಟ್ಟಂತೆ ಆಗಬಹುದು. 1973ರಲ್ಲಿ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂದು ಮಂತ್ರಿಗಿರಿ ಕಳೆದುಕೊಂಡರು. ಆ ಗಲಾಟೆಯಲ್ಲಿ ಒಂದು ತಲೆಮಾರೇ ಎಚ್ಚೆತ್ತಿತು. ಆದರೆ ಬೂಸಾ ಎಂದು ಹೇಳುವ ಅಧಿಕಾರ ಬರಬೇಕಾದರೂ ಅದನ್ನು ಒಮ್ಮೆ ಜಗಿದಿರಬೇಕಲ್ಲ.

ನಮ್ಮ ದಲಿತ ವಿಮರ್ಶಕರ ಮೇಲೂ ನನಗೆ ಒಂದು ದೂರಿದೆ. ದೇವನೂರ ಮಹಾದೇವ ಅವರ 'ಕುಸುಮಬಾಲೆ'ಗೆ 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅದರ ಭಾಷೆ ಅರ್ಥವಾಗುವುದಿಲ್ಲ ಎಂದು ಹೇಳಿದ ಪ್ರೊಫೆಸರುಗಳನ್ನು ನಾನೇ ಕಂಡಿದ್ದೇನೆ. ಹಾಸ್ಟೆಲಿನಲ್ಲಿ ಒಂದು ಸಂಜೆ ಎರಡು ಪುಟ ಜೋರಾಗಿ ಓದಿದೆ. ಹುಡುಗರಿಗೆ ಒಂದು ಪದದ ಅರ್ಥವನ್ನೂ ಹೇಳಬೇಕಾಗಲಿಲ್ಲ, ನಗುವ ಕಡೆ ನಕ್ಕರು, ಸುಮ್ಮನಾಗುವ ಕಡೆ ಸುಮ್ಮನಾದರು. ಗದ್ಯಗ್ರಹಿಕೆಯಲ್ಲಿ ನೂರಕ್ಕೆ ನೂರು! ಆ ಭಾಷೆಯನ್ನು ನಾವು ಸಂಕಿರಣಗಳಲ್ಲಿ ಹೊಗಳಿ ಹೊಗಳಿ ಪುಟಗಟ್ಟಲೆ ಬರೆದೆವು. ಅದೇ ಸೀಮೆಯ ಮಾತನ್ನು ಹುಡುಗನೊಬ್ಬ ಉತ್ತರಪತ್ರಿಕೆಯಲ್ಲಿ ಬರೆದು ಅಂಕ ಕಳೆದುಕೊಂಡಾಗ ಮೌಲ್ಯಮಾಪನದ ಮೇಜಿನಲ್ಲಿ ಕೂತಿದ್ದವರಲ್ಲಿ ನಮ್ಮವರೂ ಇದ್ದರು. ಯಾರೂ ಲೇಖನ ಬರೆಯಲಿಲ್ಲ.

ನಾನು ಮಾಡುತ್ತಿರುವುದು ಎರಡು ದೋಣಿಯ ಪಯಣವೇ, ಒಪ್ಪುತ್ತೇನೆ. 'ಮನೇಲಿ ಆಲು, ಪರೀಕ್ಷೇಲಿ ಹಾಲು, ಪಂಪನ ಕಾಲ್ದಲ್ಲಿ ಪಾಲು. ಮೂರೂ ಸರಿ, ಅಂಕ ಕೊಡೋದು ನಡುವಿನದಕ್ಕೆ ಮಾತ್ರ, ಅದ್ಕೆ ಅದನ್ನ ಬರೀರಿ' ಎಂದು ಹೇಳುತ್ತೇನೆ. ಹುಡುಗರಿಗೆ ಇದು ಬೇಗ ಅರ್ಥವಾಗುತ್ತದೆ. ಊರಿನಲ್ಲಿ ಒಂದು ಮಾತು ಕೇರಿಯಲ್ಲಿ ಒಂದು ಮಾತು ಆಡಿಯೇ ಬೆಳೆದವರು. ಜೊತೆಗೆ, ತಿಂಗಳಿಗೊಂದು ಅಪಠಿತ ಗದ್ಯಕ್ಕೆ ಪರೀಕ್ಷೆಯಲ್ಲಿ ಎಂದೂ ಬರದ ಒಂದು ಪ್ರಶ್ನೆ ಸೇರಿಸುತ್ತೇನೆ: 'ಈ ಗದ್ಯದಲ್ಲಿ ಇರಬೇಕಾಗಿದ್ದು, ಇಲ್ಲದೆ ಇರುವುದು ಯಾವುದು?' ಮೊದಲ ಸಲ ಹದಿನೆಂಟು ಜನರೂ ಖಾಲಿ ಬಿಟ್ಟರು. ಉತ್ತರ ಗದ್ಯದಲ್ಲಿ ಇಲ್ಲ ಸಾ ಎಂದು ದೂರಿದರು.

ಕಳೆದ ವಾರ ಕೊಟ್ಟ ಗದ್ಯ ಒಂದು ಪತ್ರಿಕಾ ವರದಿ. ಊರೊಂದರ ಕ್ಷೌರದಂಗಡಿಯಲ್ಲಿ ದಲಿತರಿಗೆ ಸೇವೆ ನಿರಾಕರಣೆಯಾಗಿದೆ, ಅಧಿಕಾರಿಗಳು ಶಾಂತಿಸಭೆ ನಡೆಸಿದ್ದಾರೆ, ಪರಿಸ್ಥಿತಿ ತಿಳಿಯಾಗಿದೆ ಎಂದಿತ್ತು. ಚಪ್ಪಲಿ ಹೊಲಿಯುವ ಅಪ್ಪನ ಮಗ ಕೊನೆಯ ಪ್ರಶ್ನೆಗೆ ಎರಡು ಸಾಲು ಬರೆದಿದ್ದ. 'ಬ್ಯಾಡ ಅಂದವರ ಎಸರು ಇಲ್ಲ. ಅವರು ಶಾಂತಿಸಭೆಗೆ ಬಂದಿದ್ದರ ಅಂತಲೂ ಬರುದಿಲ್ಲ.' ಕೆಂಪು ಪೆನ್ನು ಕೈಯಲ್ಲಿತ್ತು. 'ಎಸರು' ಎಂದರೆ ಮುದ್ದೆಗೆ ಒಲೆಯ ಮೇಲೆ ಇಡುವ ನೀರು, ನೀನು ಹೇಳಬೇಕಾದದ್ದು 'ಹೆಸರು' ಎಂದು ಬದಿಯಲ್ಲಿ ಬರೆಯಬೇಕು. ಬೋರ್ಡು ಪರೀಕ್ಷೆಗೆ ಇನ್ನು ಹನ್ನೊಂದು ವಾರ ಇದೆ, ಬರೆಯಲೇಬೇಕು. ಅವತ್ತು ಬರೆಯಲಿಲ್ಲ. ನಾಲ್ಕಕ್ಕೆ ನಾಲ್ಕು ಕೊಟ್ಟು ಮುಂದಿನ ಪತ್ರಿಕೆ ತೆಗೆದುಕೊಂಡೆ.